ಗುಂಪು ಫೋಟೋದಿಂದ ಒಬ್ಬರನ್ನೇ ಬಿಡಿಸಿ ತೆಗೆದದ್ದು

ನಮ್ಮ ಸ್ಟುಡಿಯೋಗೆ ಬರುವ ಕಟಿಂಗ್ ಕೆಲಸಗಳಲ್ಲಿ ನನಗೆ ಮನಸ್ಸಿಗೆ ಹತ್ತಿರವಾದದ್ದು ತೀರಿಕೊಂಡವರ ಫೋಟೋ. ಹೋದ ವರ್ಷ ಒಬ್ಬರು ಬಂದರು. "ಅಣ್ಣ, ಅಮ್ಮ ಒಬ್ಬರೇ ಇರೋ ಫೋಟೋ ಒಂದೂ ಇಲ್ಲ. ಇದರಲ್ಲಿ ಆಗುತ್ತಾ ನೋಡಿ" ಎಂದು ಹಳೆಯ ಮದುವೆ ಫೋಟೋ ಕೊಟ್ಟರು. ತಾಯಿ ನಡುವೆ ನಿಂತಿದ್ದಾರೆ, ಹಿಂದೆ ಕೆಂಪು ಶಾಮಿಯಾನ ಬಟ್ಟೆ, ಎಡ ಹೆಗಲ ಮೇಲೆ ಮೊಮ್ಮಗನ ಕೈ. ಕಾರ್ಯಕ್ಕೆ ನಾಲ್ಕು ದಿನ ಇತ್ತು.

600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ ಫೋಟೋಶಾಪ್‌ನಲ್ಲಿ ತೆರೆದೆ. ಮೊದಲು ಮ್ಯಾಜಿಕ್ ವ್ಯಾಂಡ್ ಹಿಡಿದೆ, ಕ್ಲಿಕ್ ಮಾಡಿದ ಬಣ್ಣವನ್ನು ಹೋಲುವ ಜಾಗವನ್ನೆಲ್ಲ ಆರಿಸುವ ಟೂಲ್ ಅದು. ಬಟ್ಟೆ ಪೂರ್ತಿ ಕೆಂಪು, ಒಂದೇ ಕ್ಲಿಕ್‌ನಲ್ಲಿ ಹೋಗುತ್ತದೆ ಅನ್ನಿಸಿತ್ತು. ಆದರೆ ಬಟ್ಟೆಯಲ್ಲಿ ಮಡಿಕೆಗಳಿದ್ದವು, ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು. ಟಾಲರೆನ್ಸ್ (ಬಣ್ಣ ಎಷ್ಟು ಬೇರೆಯಾದರೂ ಸೇರಿಸಿಕೊಳ್ಳಬೇಕು ಎಂಬ ಅಳತೆ) 32 ಸಾಲಲಿಲ್ಲ, ಏರಿಸಿದೆ. ಜನರ ನಡುವಿನ ಸಂದುಗಳೂ ಬರಲಿ ಎಂದು ಕಂಟಿಗ್ಯುಯಸ್ (ಒಂದಕ್ಕೊಂದು ತಾಗಿದ ಜಾಗ ಮಾತ್ರ) ಟಿಕ್ ತೆಗೆದೆ. ಡಿಲೀಟ್ ಒತ್ತಿದರೆ ಅವರ ಹಣೆಯ ಕುಂಕುಮವೂ ಬಟ್ಟೆಯ ಜೊತೆ ಹೋಯಿತು! ತಕ್ಷಣ ಅನ್‌ಡೂ ಮಾಡಿದೆ. ಅಲ್ಲಿಂದ ಮುಂದೆ ಆ ಫೋಟೋದಲ್ಲಿ ಏನನ್ನೂ ಅಳಿಸಲಿಲ್ಲ, ಎಲ್ಲ ಲೇಯರ್ ಮಾಸ್ಕ್‌ನಲ್ಲೇ ಮಾಡಿದೆ. ಮಾಸ್ಕ್ ಮೇಲೆ ಕಪ್ಪು ಹಚ್ಚಿದ ಜಾಗ ಮರೆಯಾಗುತ್ತದೆ ಅಷ್ಟೇ, ಬಿಳಿ ಹಚ್ಚಿದರೆ ವಾಪಸ್ ಕಾಣುತ್ತದೆ.

ಸೀರೆ, ತೋಳು, ಕೈಗಳಿಗೆ ಪಾಯಿಂಟ್ ಇಟ್ಟು ಗೆರೆ ಎಳೆಯುವ ಪೆನ್ ಟೂಲ್. 200 ಪರ್ಸೆಂಟ್ ಝೂಮ್ ಮಾಡಿ, ಅಂಚಿಗಿಂತ ಒಂದೆರಡು ಪಿಕ್ಸೆಲ್ ಒಳಗೇ ಪಾತ್ (ಆ ಗೆರೆ) ಎಳೆದೆ. ಹೊರಗೆ ಎಳೆದರೆ ಕೆಂಪು ಗೆರೆ ಉಳಿಯುತ್ತದೆ. ಪಾಯಿಂಟ್‌ಗಳು ಜಾಸ್ತಿ ಆದಷ್ಟೂ ಗೆರೆ ಅಂಕುಡೊಂಕಾಗುತ್ತದೆ, ಅದಕ್ಕೇ ತಿರುವು ಬಂದ ಕಡೆ ಮಾತ್ರ ಪಾಯಿಂಟ್ ಇಟ್ಟೆ. ಕಂಟ್ರೋಲ್ ಎಂಟರ್ ಒತ್ತಿ ಸೆಲೆಕ್ಷನ್ ಮಾಡಿ, 1 ಪಿಕ್ಸೆಲ್ ಫೆದರ್ ಕೊಟ್ಟು ಅಂಚನ್ನು ಮೆತ್ತಗಾಗಿಸಿ ಮಾಸ್ಕ್ ಹಾಕಿದೆ.

ಕೂದಲಿಗೆ ಪೆನ್ ಟೂಲ್ ಹಾಕಿದರೆ ತಲೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ. ಅವರದು ನೆರೆತ ಕೂದಲು, ಹಣೆಯ ಪಕ್ಕ ಎಳೆಗಳು ಹಾರುತ್ತಿದ್ದವು. ಫೋಟೋಶಾಪ್ ಫೋಟೋವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್ ಆಗಿ ಇಡುತ್ತದೆ, ಒಂದೊಂದೂ ಕಪ್ಪು-ಬಿಳುಪು ಚಿತ್ರದಂತೆ ಕಾಣುತ್ತದೆ. ಚಾನೆಲ್‌ಗಳನ್ನು ಒಂದೊಂದಾಗಿ ನೋಡಿದೆ. ಕೆಂಪು ಬಟ್ಟೆ ಹಸಿರು ಮತ್ತು ನೀಲಿ ಚಾನೆಲ್‌ಗಳಲ್ಲಿ ಕಪ್ಪಾಗಿ ಕಾಣುತ್ತದೆ, ಬಿಳಿ ಕೂದಲು ಬೆಳ್ಳಗೇ ಇರುತ್ತದೆ. ನೀಲಿಯಲ್ಲಿ ಕಾಳುಕಾಳು ಹೆಚ್ಚಿತ್ತು. ಹಸಿರನ್ನು ಕಾಪಿ ಮಾಡಿ, ಕಪ್ಪು-ಬಿಳುಪು ಏರಿಳಿಸುವ ಲೆವೆಲ್ಸ್‌ನಲ್ಲಿ ಬಟ್ಟೆಯನ್ನು ಪೂರ್ತಿ ಕಪ್ಪಾಗಿಸಿದೆ. ಕೂದಲನ್ನು ಮಾತ್ರ ತೀರಾ ಬಿಳಿ ಮಾಡಲಿಲ್ಲ, ಮಾಡಿದರೆ ಎಳೆಗಳು ದಪ್ಪವಾಗುತ್ತವೆ. ಮುಖವನ್ನು ಬ್ರಷ್‌ನಿಂದ ಬಿಳಿ ತುಂಬಿದೆ. ಕಂಟ್ರೋಲ್ ಒತ್ತಿ ಆ ಚಾನೆಲ್ ಮೇಲೆ ಕ್ಲಿಕ್ ಮಾಡಿದಾಗ ಒಂದೊಂದು ಎಳೆಯೂ ಸೆಲೆಕ್ಟ್ ಆಗಿ ಬಂತು. ಎಷ್ಟು ಸಲ ಮಾಡಿದರೂ ಈ ಕ್ಷಣ ನನಗೆ ಖುಷಿ ಕೊಡುತ್ತದೆ. ಎಳೆಗಳಲ್ಲಿ ಉಳಿದ ಕೆಂಪು ಛಾಯೆಗೆ ಮೇಲೊಂದು ಲೇಯರ್ ಹಾಕಿ, ಬೆಳಕು ನೆರಳು ಹಾಗೇ ಬಿಟ್ಟು ಬಣ್ಣ ಮಾತ್ರ ಬದಲಿಸುವ ಕಲರ್ ಮೋಡ್‌ನಲ್ಲಿ ಬೂದು ಬಣ್ಣ ಹಚ್ಚಿದೆ.

ಉಳಿದದ್ದು ಹೆಗಲ ಮೇಲಿನ ಕೈ. ಸೆರಗಿನ ಕೆಳಭಾಗದಿಂದ ಒಂದು ತುಂಡನ್ನು ಲ್ಯಾಸೋದಲ್ಲಿ ಸುತ್ತಿ, ಹೊಸ ಲೇಯರ್‌ಗೆ ತೆಗೆದುಕೊಂಡು ಕೈಯ ಮೇಲೆ ಕೂರಿಸಿದೆ. ಸೀರೆಯ ಅಂಚಿನ ಗೆರೆ ಗೆರೆಗೆ ಸೇರಬೇಕು ಅಲ್ವಾ, ಅಷ್ಟಕ್ಕೇ ಒಂದು ಗಂಟೆಯಾಯಿತು.

ತಿಳಿನೀಲಿ ಹಿನ್ನೆಲೆ ಕೊಟ್ಟೆ. ಇನ್ನೂ ದೊಡ್ಡದು ಮಾಡಿದರೆ ಮುಖ ಒಡೆಯುತ್ತದೆ ಎಂದು ಪ್ರಿಂಟನ್ನು 8 × 10 ಇಂಚಿಗೇ ನಿಲ್ಲಿಸಿದೆ.

ಮೂರು ತಿಂಗಳಾದ ಮೇಲೆ ಆ ಮೊಮ್ಮಗನೇ ಬಂದ. "ಅಂಕಲ್, ಅಜ್ಜಿ ಜೊತೆ ನಾನೂ ಇರೋ ಥರ ಒಂದು ಬೇಕು, ನಾವಿಬ್ರೇ" ಎಂದ. ಹಳೆಯ ಫೈಲ್ ತೆರೆದೆ. ಸೆರಗಿನ ತುಂಡಿನ ಲೇಯರ್ ಆಫ್ ಮಾಡಿದೆ. ಮಾಸ್ಕ್ ಮೇಲೆ ಬಿಳಿ ಬ್ರಷ್ ಎಳೆಯುತ್ತಾ ಹೋದಂತೆ ಅವನ ಭುಜ, ಮುಖ ವಾಪಸ್ ಬಂದವು. ಕೈ ಅಜ್ಜಿಯ ಹೆಗಲ ಮೇಲೇ ಇತ್ತು.