ಲೇಪ ಒಣಗುವ ಹೊತ್ತು

ಉಡುಪಿಯಲ್ಲಿ ಚಿಕಿತ್ಸಾಲಯ ತೆರೆದ ಮೊದಲ ಮಳೆಗಾಲದಲ್ಲೇ, ಮಲ್ಪೆಯಿಂದ ಬರುತ್ತಿದ್ದ ಹಿರಿಯ ಹೆಂಗಸೊಬ್ಬರ ಮೊಣಗಂಟಿನ ಮೇಲೆ ನಾನು ಕೊಟ್ಟ ಲೇಪದಿಂದ ನೀರ್ಗುಳ್ಳೆಗಳೆದ್ದವು. ಕೊಮ್ಮೆ ಬೇರು, ದೇವದಾರು, ಒಣಶುಂಠಿ, ಬಿಳಿಸಾಸಿವೆ, ನುಗ್ಗೆ ತೊಗಟೆ ಈ ಐದನ್ನೂ ಹುಳಿಗಂಜಿಯಲ್ಲಿ ಅರೆದು ಹಚ್ಚಿದರೆ ಊತ ಇಳಿಯುತ್ತದೆಂದು ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ಔಷಧಗಳ ಆ ಜೋಡಣೆಯಲ್ಲಿ ತಪ್ಪಿರಲಿಲ್ಲ. ಪುಡಿಯ ಪೊಟ್ಟಣ ಕೊಟ್ಟು, "ಒಣಗಿದ ಮೇಲೆ ತೆಗೆಯಿರಿ ಅಮ್ಮ" ಎಂದಷ್ಟೇ ಹೇಳಿ ಕಳುಹಿಸಿದ್ದೆ. ಜುಲೈ ತಿಂಗಳ ಜಡಿಮಳೆ. ಸಂಜೆ ಹಚ್ಚಿದ ಲೇಪ ಮಲಗುವ ಹೊತ್ತಾದರೂ ಹಸಿಯಾಗಿಯೇ ಇತ್ತು. ಹಾಸಿಗೆಗೆ ಮೆತ್ತಿಕೊಳ್ಳಬಾರದೆಂದು ಅವರು ಮೇಲಿಂದ ಬಟ್ಟೆ ಸುತ್ತಿ ಮಲಗಿದ್ದರು. ಮರುದಿನ ಬಟ್ಟೆ ಬಿಚ್ಚಿ ತೋರಿಸುತ್ತಾ, "ಒಣಗಿದ ಮೇಲೆ ತೆಗೆಯಿರಿ ಅಂತ ನೀವೇ ಹೇಳಿದ್ದಲ್ವಾ ಡಾಕ್ಟ್ರೇ? ಅದು ಒಣಗಲೇ ಇಲ್ಲ ಮಾರಾಯ್ರೇ, ಮತ್ತೆ ಹೇಗೆ ತೆಗೆಯುವುದು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಸಾಸಿವೆ ಪುಡಿಗೆ ನೀರು ತಾಗಿದ ಮೇಲೆಯೇ ಅದರ ಉರಿ ಹುಟ್ಟುತ್ತದೆ. ನುಗ್ಗೆ ತೊಗಟೆಯೂ ಚರ್ಮವನ್ನು ಕೆಂಪಾಗಿಸುವಂಥದೇ. ಇವೆರಡೂ ಹಸಿಯಾಗಿ, ಬಟ್ಟೆಯ ಬಿಗಿಯೊಳಗೆ ರಾತ್ರಿಯಿಡೀ ಕುಳಿತರೆ ಆಗುವುದು ಅದೇ. ಆ ಚರ್ಮಕ್ಕೆ ಶತಧೌತ ಘೃತ ಹಚ್ಚಿದೆ. ತಾಮ್ರದ ತಟ್ಟೆಯಲ್ಲಿ ತುಪ್ಪಕ್ಕೆ ನೀರು ಹಾಕಿ ಅಂಗೈಯಿಂದ ಉಜ್ಜಿ, ನೀರು ಚೆಲ್ಲಿ, ಮತ್ತೆ ಹೊಸ ನೀರು ಹಾಕಿ, ಹೀಗೆ ನೂರು ಸಲ ತೊಳೆದಾಗ ಹಳದಿ ತುಪ್ಪ ತನ್ನ ವಾಸನೆ ಕಳೆದುಕೊಂಡು ಬೆಣ್ಣೆಗಿಂತ ಬಿಳಿಯಾಗಿ, ನೊರೆಯಂತೆ ಹಗುರವಾಗುತ್ತದೆ. ಗುಳ್ಳೆಗಳು ಮಾಯಲು ಹತ್ತು ದಿನ ಬೇಕಾಯಿತು. ಮೊಣಗಂಟಿನ ಊತದ ಮಾತನ್ನು ಆ ಹತ್ತು ದಿನ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲೆ ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯವನ್ನು ಮತ್ತೆ ತೆರೆದು ಕುಳಿತೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸಾಲುಗಳೇ ಅವು. ರಾತ್ರಿ ಲೇಪ ಹಚ್ಚಬಾರದು, ಲೇಪದ ತಂಪಿನಿಂದ ಮುಚ್ಚಿಹೋದ ದೇಹದ ಬಿಸಿ ಹೊರಬರಲಾರದೆ ವಿಕಾರ ಹುಟ್ಟೀತು ಎಂದು ಅಲ್ಲಿ ಸ್ಪಷ್ಟವಾಗಿಯೇ ಇದೆ. ಒಣಗುತ್ತಿರುವ ಲೇಪವನ್ನು ಹಾಗೇ ಬಿಡಬಾರದು, ಬಾವನ್ನು ಹಿಂಡಿ ಕೀವು ಹೊರತೆಗೆಯಬೇಕಾದಲ್ಲಿ ಮಾತ್ರ ಅದು ಸಲ್ಲುತ್ತದೆ ಎಂದೂ ಇದೆ. ಆದರೆ ಲೇಪ ಒಣಗದೇ ಇದ್ದರೆ ಏನು ಮಾಡಬೇಕೆಂಬುದನ್ನು ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯ ವೈದ್ಯ ತಾನೇ ಯೋಚಿಸಿಕೊಳ್ಳಬೇಕು.

ಹಾಗಾಗಿ ನಾನು "ಒಣಗಿದ ಮೇಲೆ" ಎನ್ನುವುದನ್ನು ಬಿಟ್ಟು ಗಡಿಯಾರ ಹಿಡಿದೆ. ಸಾಸಿವೆ, ನುಗ್ಗೆಯಂಥ ತೀಕ್ಷ್ಣ ದ್ರವ್ಯಗಳಿರುವ ಲೇಪವನ್ನು ಮೊದಲ ದಿನ ಚಿಕಿತ್ಸಾಲಯದಲ್ಲೇ ಹಚ್ಚಿ, ಹದಿನೈದು ನಿಮಿಷಕ್ಕೊಮ್ಮೆ ಅಂಚನ್ನು ಎತ್ತಿ ಚರ್ಮದ ಬಣ್ಣ ನೋಡುತ್ತೇನೆ. ಬೆಚ್ಚಗಾದರೆ ಸರಿ, ಚುರುಗುಟ್ಟತೊಡಗಿದರೆ ಆ ಕ್ಷಣವೇ ತೆಗೆಯುತ್ತೇನೆ. ಉರಿ ಏನೂ ಇಲ್ಲದಿದ್ದರೂ ಮುಕ್ಕಾಲು ಗಂಟೆ ದಾಟಿಸುವುದಿಲ್ಲ. ಹಿಂದಿನ ದಿನವೇ ಮುಂಗೈಯ ಒಳಬದಿಗೆ ನಾಲ್ಕಾಣೆ ಅಗಲ ಹಚ್ಚಿ ನೋಡಿರುತ್ತೇನೆ. ಏಪ್ರಿಲ್ ತಿಂಗಳಲ್ಲಿ ತೊಂದರೆ ಬೇರೆಯೇ: ಬೆವರು ಲೇಪವನ್ನು ಅಡಿಯಿಂದ ಸಡಿಲಿಸಿ ಜಾರಿಸುತ್ತದೆ, ಮೇಲ್ಪದರ ಮಾತ್ರ ಒಣಗಿ ಬಿರಿಯುತ್ತದೆ.

ದಪ್ಪದ ವಿಷಯದಲ್ಲಿ ಸುಶ್ರುತ ಕೊಡುವ ಅಳತೆ ಹಸಿ ಎಮ್ಮೆ ಚರ್ಮದಷ್ಟು ಎಂಬುದು. ಶಾರ್ಙ್ಗಧರನದು ಅಂಗುಲದ ಲೆಕ್ಕ: ವಾತಾದಿ ದೋಷಗಳನ್ನು ಕಳೆಯುವ ದೋಷಘ್ನ ಲೇಪಕ್ಕೆ ಕಾಲಂಗುಲ, ವಿಷ ಇಳಿಸುವ ವಿಷಘ್ನಕ್ಕೆ ಅಂಗುಲದ ಮೂರನೆಯ ಒಂದು ಪಾಲು, ಮೈಬಣ್ಣ ತಿಳಿಯಾಗಿಸುವ ವರ್ಣ್ಯಕ್ಕೆ ಅರ್ಧ ಅಂಗುಲ. ಕಾಲಂಗುಲವೆಂದರೆ ಹೆಚ್ಚುಕಡಿಮೆ ಐದು ಮಿಲಿಮೀಟರ್. ನೀರುದೋಸೆಯಷ್ಟಲ್ಲ, ಉದ್ದಿನ ದೋಸೆಯಷ್ಟು ಎಂದು ನಾನು ರೋಗಿಗಳಿಗೆ ಹೇಳುವುದುಂಟು, ಅದು ಎಲ್ಲರಿಗೂ ತಕ್ಷಣ ತಿಳಿಯುತ್ತದೆ. ತೆಳ್ಳಗೆ ಹಚ್ಚಿದರೆ ಬೇಗ ಬಿರಿದು ಚರ್ಮವನ್ನು ಎಳೆಯುತ್ತದೆ. ಕೂದಲು ಮಲಗಿರುವ ದಿಕ್ಕಿಗೆ ಎದುರಾಗಿ, ಅಂದರೆ ಕಾಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು. ಹಾಗೆ ಹಚ್ಚಿದರೆ ಔಷಧ ಚೆನ್ನಾಗಿ ನಿಲ್ಲುತ್ತದೆ, ರೋಮಕೂಪಗಳಿಗೆ ಇಳಿಯುತ್ತದೆ ಎಂಬುದು ಗ್ರಂಥದ ಕಾರಣ. ನಿಲ್ಲುತ್ತದೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಪುಡಿಗಿಂತ ಅದನ್ನು ಕಲಸುವ ದ್ರವದ ಕಡೆಗೇ ಈಗ ನನ್ನ ಗಮನ ಹೆಚ್ಚು. ಹಳೆಯ ಸಂಧಿವಾತದ ಬಿಗುವಿಗೆ ಕುಚ್ಚಲಕ್ಕಿ ಗಂಜಿತಿಳಿಯನ್ನು ಭರಣಿಯಲ್ಲಿ ಹುಳಿಬರಿಸಿ, ಬಿಸಿ ಮಾಡಿ ಬಳಸುತ್ತೇನೆ. ಕೆಂಪೇರಿ ಉರಿಯುವ ಊತಕ್ಕಾದರೆ ದಶಾಂಗ ಲೇಪ. ಬಾಗೆ, ಜ್ಯೇಷ್ಠಮಧು, ರಕ್ತಚಂದನ, ಅರಿಶಿನ ಮೊದಲಾದ ಹತ್ತು ದ್ರವ್ಯಗಳ ಆ ಪುಡಿಯನ್ನು ತುಪ್ಪ ಬೆರೆಸಿ ತಣ್ಣಗೇ ಹಚ್ಚುತ್ತೇನೆ. ವಾತದ ಲೇಪಕ್ಕೆ ನಾಲ್ಕನೆಯ ಒಂದು ಪಾಲು, ಪಿತ್ತದ್ದಕ್ಕೆ ಆರನೆಯ ಒಂದು, ಕಫದ್ದಕ್ಕೆ ಎಂಟನೆಯ ಒಂದು ಪಾಲು ಜಿಡ್ಡು ಸೇರಬೇಕೆಂಬ ಸುಶ್ರುತನ ಲೆಕ್ಕವನ್ನು ಮೊದಲು ನಾನು ಕಡೆಗಣಿಸಿದ್ದೆ. ಈಗ ಚಮಚದಲ್ಲಿ ಅಳೆದು ಹಾಕುತ್ತೇನೆ, ಏಕೆಂದರೆ ಜಿಡ್ಡು ಸಾಲದ ಲೇಪ ಮುದುಕರ ತೆಳುಚರ್ಮವನ್ನು ಕಿತ್ತುಕೊಂಡೇ ಬರುತ್ತದೆ. ಪುಡಿಯಂತೂ ಬಟ್ಟೆಯಲ್ಲಿ ಸೋಸಿದ್ದೇ ಆಗಬೇಕು. ತೊಗಟೆಯ ನಾರು ಉಳಿದರೆ ಗೀರುತ್ತದೆ. ನಿನ್ನೆ ಕಲಸಿಟ್ಟದ್ದನ್ನು, ಒಮ್ಮೆ ಹಚ್ಚಿ ತೆಗೆದದ್ದನ್ನು ಮತ್ತೆ ಬಳಸುವುದಿಲ್ಲ. ಹಳೆಯ ಲೇಪದ ಮೇಲೆ ಹೊಸದನ್ನು ಬಳಿಯುವುದೂ ಇಲ್ಲ.

ನಮ್ಮ ಕಡೆ ಲೇಪವೆಂದರೆ ಮನೆಮದ್ದು, ಅದರಿಂದ ಕೆಡುಕೇನೂ ಆಗದು ಎಂಬ ನಂಬಿಕೆ ಗಟ್ಟಿಯಾಗಿದೆ. ಉಳುಕಿಗೆ ಅರಿಶಿನ-ಸುಣ್ಣ ಕಲಸಿ ಕೆಂಪಾದದ್ದನ್ನು ಹಚ್ಚುವ ಮನೆಗಳಲ್ಲಿ ಸುಣ್ಣ ಹೆಚ್ಚಾಗಿ ಚರ್ಮ ಸುಟ್ಟುಕೊಂಡವರಿದ್ದಾರೆ. ಚಿತ್ರಮೂಲದ ಹಸಿ ಬೇರನ್ನು ಅರೆದು ಕಟ್ಟಿಕೊಂಡು, ಅಂಗೈಯಗಲ ಗುಳ್ಳೆಯೊಂದಿಗೆ ಬಂದವರನ್ನೂ ನೋಡಿದ್ದೇನೆ. ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಸಿಕೊಂಡು ಬರುವವರಿಗೆ ನಾನು ಹೇಳುವುದಿಷ್ಟೆ: ಅದು ವೈರಾಣುವಿನ ಕಾಯಿಲೆ, ಅದಕ್ಕಿರುವ ಮಾತ್ರೆಯನ್ನು ಮೂರು ದಿನದೊಳಗೆ ಆರಂಭಿಸಿದರೆ ಫಲ ಹೆಚ್ಚು, ಕಣ್ಣಿನ ಸುತ್ತ ಎದ್ದಿದ್ದರೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದಾದ್ದರಿಂದ ಲೇಪದ ಡಬ್ಬಿಯನ್ನು ಮುಟ್ಟದೆ ಆಸ್ಪತ್ರೆಗೆ ಕಳುಹಿಸುತ್ತೇನೆ. ಮಧುಮೇಹದಿಂದ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬಿಸಿಲೇಪ ಹಚ್ಚುವುದೇ ಇಲ್ಲ, ಉರಿದರೆ ಹೇಳಬೇಕಾದ ಚರ್ಮವೇ ಅಲ್ಲಿ ಮೌನವಾಗಿರುತ್ತದೆ.

ತೆಗೆಯುವಾಗ ಉಗುರಿನಿಂದ ಕೆರೆಯಬಾರದು. ಬೆಚ್ಚನೆಯ ನೀರಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಹೊದಿಸಿಟ್ಟರೆ ಲೇಪ ಮೆತ್ತಗಾಗಿ ಹಾಳೆಯಂತೆ ಏಳುತ್ತದೆ. ಬಳಿಕ ಚರ್ಮವನ್ನು ಒತ್ತಿ ಒರೆಸಿ ಸ್ವಲ್ಪ ಎಣ್ಣೆ ಸವರಿದರೆ ಸಾಕು. ತೆಗೆದದ್ದನ್ನು ಬಚ್ಚಲಿಗೆ ಬಿಡಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಅದು ಹಿತ್ತಲ ತೆಂಗಿನ ಬುಡಕ್ಕೆ ಹೋಗುತ್ತದೆ.