ಕತ್ತಿನ ನಾಳಕ್ಕೆ ಸ್ಟೆಂಟ್: ನಾನು ಮಾಡುವ ಬಗೆ

ಹೃದಯದ ನಾಳಗಳಲ್ಲಿ ಕೈ ಪಳಗಿದವರು ಕತ್ತಿನ ಕರೋಟಿಡ್ ನಾಳಕ್ಕೆ ಬಂದಾಗ ಮೊದಲು ಬಿಡಬೇಕಾದದ್ದು, ನಾಳ ಪೂರ್ತಿ ಅಗಲವಾಗಿ ಕಾಣಲೇಬೇಕೆಂಬ ಹಟ. ಇಲ್ಲಿ ಲಕ್ವ ಹೊಡೆಯುವುದು ಹೆಚ್ಚಾಗಿ ನಾಳದ ಗೋಡೆಗೆ ಕಟ್ಟಿದ ಕೊಬ್ಬಿನ ಪದರವಾದ ಪ್ಲಾಕ್‌ನ ಚೂರೋ ಅದರ ಮೇಲಿನ ಹೆಪ್ಪೋ ಕಿತ್ತು ಮಿದುಳಿಗೆ ಹೋಗುವುದರಿಂದ. ಸ್ಟೆಂಟ್‌ನ ಕೆಲಸ, ಲೋಹದ ಜಾಲರಿ ಕೊಳವೆಯಾಗಿ ಒಳಗೆ ಕೂತು ಪ್ಲಾಕನ್ನು ಗೋಡೆಗೆ ಒತ್ತಿ ಹಿಡಿಯುವುದು.

ಲಕ್ವದ ಲಕ್ಷಣ ಕಂಡವರಲ್ಲಿ ಇಕ್ಕಟ್ಟು ಶೇ. 50 ದಾಟಿದ್ದರೆ, ಲಕ್ಷಣವಿಲ್ಲದವರಲ್ಲಿ ಶೇ. 70 ದಾಟಿದ್ದರೆ ಚಿಕಿತ್ಸೆಯ ಯೋಚನೆ. ಆದರೆ ಚಿಕಿತ್ಸೆ ಎಂದರೆ ಸ್ಟೆಂಟೇ ಆಗಬೇಕಿಲ್ಲ. 2010ರಲ್ಲಿ ಪ್ರಕಟವಾದ , ಸ್ಟೆಂಟನ್ನು ಶಸ್ತ್ರಚಿಕಿತ್ಸೆಗೆ (ಕತ್ತು ಕೊಯ್ದು ಪ್ಲಾಕ್ ತೆಗೆಯುವುದಕ್ಕೆ) ಹೋಲಿಸಿದ ಕ್ರೆಸ್ಟ್ ಅಧ್ಯಯನದಲ್ಲಿ ಸುಮಾರು 70 ವರ್ಷ ದಾಟಿದವರಿಗೆ ಶಸ್ತ್ರಚಿಕಿತ್ಸೆಯೇ ವಾಸಿ ಎಂದು ಕಂಡಿತು. ವಯಸ್ಸಾದಂತೆ ಮಹಾಪಧಮನಿಯ ಕಮಾನು (ಹೃದಯದಿಂದ ಹೊರಟ ದೊಡ್ಡ ನಾಳ ಬಾಗುವ ಕಡೆ) ತಿರುಚಿಕೊಳ್ಳುತ್ತದೆ, ಒಳಗೆ ಕೊಳೆ ಕೂರುತ್ತದೆ. ಕತ್ತಿಗೆ ಹೋಗಲು ಅದನ್ನು ಹಾಯುವ ಸಣ್ಣ ನಳಿಕೆ, ಕ್ಯಾಥೆಟರ್, ಆ ಕೊಳೆಯನ್ನು ಕೆದಕುತ್ತದೆ. ಹಾಗಾಗಿ ಸಿ.ಟಿ. ಆಂಜಿಯೋದಲ್ಲಿ ನಾನು ಮೊದಲು ನೋಡುವುದು ಕತ್ತನ್ನಲ್ಲ, ಕಮಾನನ್ನು. ಮೂರನೇ ಬಗೆಯ ಕಮಾನು (ಕವಲುಗಳು ತೀರಾ ಕೆಳಗಿನಿಂದ ಕಡಿದಾಗಿ ಹೊರಡುವಂಥದು), ಸುತ್ತಲೂ ಬಳೆಯಂತೆ ಕಟ್ಟಿದ ಕ್ಯಾಲ್ಸಿಯಂ, ತೇಲಾಡುವ ಹೆಪ್ಪು ಕಂಡರೆ ಶಸ್ತ್ರಚಿಕಿತ್ಸಕರಿಗೆ ಕಳುಹಿಸುತ್ತೇನೆ.

ಹೆಪ್ಪು ತಡೆಯುವ ಮಾತ್ರೆಗಳಾದ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ 75 ಮಿ.ಗ್ರಾಂ ಕನಿಷ್ಠ ಐದು ದಿನ ಮೊದಲೇ ಶುರುವಾಗಿರಬೇಕು. ರೋಗಿಗೆ ಮತ್ತು ಬರಿಸುವುದಿಲ್ಲ. ಚಿಕಿತ್ಸೆಯಾಗುವ ನಾಳದ ಎದುರು ಬದಿಯ ಕೈಗೆ (ಮಿದುಳಿನ ಆ ಅರ್ಧ ಆಳುವ ಕೈಗೆ) ಒತ್ತಿದರೆ ಕೀಚುಗುಡುವ ರಬ್ಬರ್ ಬೊಂಬೆ ಕೊಡುತ್ತೇವೆ. ಪ್ರತಿ ಹಂತದಲ್ಲೂ ‘ಒತ್ತಿ’ ಎಂದರೆ ಸದ್ದು ಬರಬೇಕು. ಅಷ್ಟು ಅಗ್ಗದ, ಅಷ್ಟು ನಂಬಬಹುದಾದ ಯಂತ್ರ ಕೋಣೆಯಲ್ಲಿ ಮತ್ತೊಂದಿಲ್ಲ.

ತೊಡೆಸಂದಿನಿಂದ 6 ಫ್ರೆಂಚ್‌ನ 90 ಸೆಂ.ಮೀ. ಉದ್ದದ ಶೀತ್ (ಉಪಕರಣಗಳನ್ನು ಒಳಗೆ ಬಿಡುವ ಕೊಳವೆ; ಫ್ರೆಂಚ್ ಅದರ ದಪ್ಪದ ಅಳತೆ) ಏರಿಸಿ, ನಾಳ ಕವಲೊಡೆಯುವುದಕ್ಕೆ ತುಸು ಕೆಳಗೆ ನಿಲ್ಲಿಸುತ್ತೇನೆ. ಅದಕ್ಕೆ ಆಸರೆಯಾಗುವ ಗಟ್ಟಿ ವೈರ್ ಮುಖದ ಕಡೆಗೆ ಹೋಗುವ ಹೊರ ಕವಲಿಗೆ ಹೋಗಬೇಕೇ ಹೊರತು ಮಿದುಳಿಗೆ ಹೋಗುವ, ಪ್ಲಾಕ್ ಇರುವ ಒಳ ಕವಲಿಗಲ್ಲ. ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು ಎ.ಸಿ.ಟಿ. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 250ರಿಂದ 300 ಸೆಕೆಂಡ್‌ಗೆ ತರುತ್ತೇನೆ. ಶೀತ್‌ನಲ್ಲಿ ಗಾಳಿಯ ಒಂದು ಗುಳ್ಳೆಯೂ ಉಳಿಯಬಾರದು. ಅದು ಹೋಗುವುದು ನೇರ ಮಿದುಳಿಗೆ.

ಆಮೇಲೆ ಫಿಲ್ಟರ್, ಕಿತ್ತ ಚೂರುಗಳನ್ನು ಹಿಡಿಯುವ ಪುಟ್ಟ ಛತ್ರಿ. ಇಕ್ಕಟ್ಟಿನಿಂದ ಮೂರು ನಾಲ್ಕು ಸೆಂ.ಮೀ. ಮೇಲೆ, ನಾಳ ನೆಟ್ಟಗಿರುವ ಕಡೆ ಛತ್ರಿ ಬಿಚ್ಚುತ್ತೇನೆ. ತಿರುವಿನಲ್ಲಿ ಬಿಚ್ಚಿದರೆ ಒಂದು ಬದಿ ಗೋಡೆಗೆ ಕೂರುವುದಿಲ್ಲ, ಚೂರುಗಳು ಸಂದಿಯಲ್ಲಿ ನುಸುಳುತ್ತವೆ. ಬಲೂನ್ ಬದಲಿಸುವಾಗ ಫಿಲ್ಟರ್ ಮೇಲೆ ಕೆಳಗೆ ಜಾರಿದರೆ ಗೋಡೆ ಸೆಟೆದುಕೊಳ್ಳುತ್ತದೆ. ಆದ್ದರಿಂದ ವೈರ್ ಹಿಡಿದ ಸಹಾಯಕರ ಕಣ್ಣು ಫಿಲ್ಟರ್ ಮೇಲೇ ಇರಬೇಕು.

ಮೊದಲ ಬಲೂನ್ 3 ಅಥವಾ 3.5 ಮಿ.ಮೀ., ಸ್ಟೆಂಟ್ ತೂರುವಷ್ಟು ಮಾತ್ರ. ಸ್ಟೆಂಟ್ ತಾನೇ ಅರಳುವ, ಒತ್ತಿದರೂ ಮೊದಲ ಆಕಾರಕ್ಕೆ ಮರಳುವ ಲೋಹವಾದ ನಿಟಿನಾಲ್‌ನದು: ಬಲೂನಿನಿಂದ ಅರಳಿಸುವುದು ಕತ್ತು ಒತ್ತಿದಾಗ ನಜ್ಜುಗುಜ್ಜಾದೀತು. ಅಳತೆ ಹಿಡಿಯುವುದು ಕೆಳಗಿನ ದಪ್ಪ ನಾಳಕ್ಕೆ, ಅದಕ್ಕಿಂತ 1–2 ಮಿ.ಮೀ. ಹೆಚ್ಚು. ಹೊರ ಕವಲಿನ ಬಾಯಿ ಸ್ಟೆಂಟ್‌ನ ಹಿಂದೆ ಸಿಕ್ಕಿಕೊಂಡರೆ ಚಿಂತೆಯಿಲ್ಲ.

ಹೆಚ್ಚು ಅನಾಹುತವಾಗುವುದು ಕೊನೆಯ ಬಲೂನಿನಲ್ಲಿ. 5 ಮಿ.ಮೀ., ಒಂದೇ ಸಲ, ಕೆಲವೇ ಸೆಕೆಂಡ್. ಶೇ. 20–30 ಇಕ್ಕಟ್ಟು ಉಳಿದರೂ ಅಲ್ಲಿಗೇ ನಿಲ್ಲಿಸುತ್ತೇನೆ. ಮತ್ತೊಮ್ಮೆ ಉಬ್ಬಿಸಿದರೆ ಜಾಲರಿಯ ಕಿಂಡಿಗಳಿಂದ ಪ್ಲಾಕ್ ಮೇಣದಂತೆ ಹಿಂಡಿ ಹೊರಬರುತ್ತದೆ. ಉಳಿದದ್ದನ್ನು ನಿಟಿನಾಲ್ ಮುಂದಿನ ವಾರಗಳಲ್ಲಿ ತಾನೇ ಒಂದಿಷ್ಟು ಸರಿಸುತ್ತದೆ. ಇದೇ ಹೊತ್ತಿಗೆ ಕವಲಿನಲ್ಲಿರುವ ಒತ್ತಡದ ನರಗಳು ಕೆರಳಿ ನಾಡಿ, ಬಿ.ಪಿ. ಎರಡೂ ಕುಸಿಯುತ್ತವೆ. ಅಟ್ರೊಪಿನ್ 0.6 ಮಿ.ಗ್ರಾಂ ಬಲೂನಿಗೆ ಮೊದಲೇ ಕೊಡುತ್ತೇನೆ. ಅದೇ ಬದಿಯಲ್ಲಿ ಹಿಂದೆ ಶಸ್ತ್ರಚಿಕಿತ್ಸೆ ಆದವರಿಗೆ ಇದರ ಅಗತ್ಯ ಬೀಳುವುದು ಕಡಿಮೆ.

ನಾಳ ಕಾಣಲೆಂದು ಬಿಟ್ಟ ಡೈ ಮೇಲೇರದೆ ನಿಂತರೆ ಗಾಬರಿಯಿಂದ ಫಿಲ್ಟರ್ ಮುಚ್ಚಿ ಎಳೆಯಬೇಡಿ. ಅದು ಚೂರುಗಳಿಂದ ತುಂಬಿರಬಹುದು. ಹಾಗೆಯೇ ಎಳೆದರೆ ಅವು ಚೆಲ್ಲುತ್ತವೆ. ಹೀರುವ ಕ್ಯಾಥೆಟರ್‌ನಿಂದ 40–60 ಮಿ.ಲೀ. ರಕ್ತ ಹೊರತೆಗೆದು ಆಮೇಲೆ ಮುಚ್ಚಿ.

ಮುಗಿದ ಮೇಲೆ ಮೇಲಿನ ಬಿ.ಪಿ. 140ರ ಕೆಳಗಿರಲಿ. ಬಹುಕಾಲ ಹಸಿದಿದ್ದ ಮಿದುಳಿಗೆ ಒಮ್ಮೆಲೇ ರಕ್ತ ನುಗ್ಗಿದರೆ ಅದೇ ಬದಿಗೆ ತಲೆಸಿಡಿತ, ಫಿಟ್ಸ್, ಕೊನೆಗೆ ರಕ್ತಸ್ರಾವ. ಇದು ಮನೆಗೆ ಹೋದ ಮೇಲೂ ಬರಬಹುದು. ಎರಡು ಮಾತ್ರೆಗಳೂ ಕನಿಷ್ಠ ಒಂದು ತಿಂಗಳು, ಆಸ್ಪಿರಿನ್ ಜೀವನಪೂರ್ತಿ. ತಿಂಗಳೊಳಗೆ ಒಂದು ಡಾಪ್ಲರ್ (ರಕ್ತದ ವೇಗ ಅಳೆಯುವ ಸ್ಕ್ಯಾನ್) ಮಾಡಿಸಿಡಿ. ಸ್ಟೆಂಟ್ ಕೂತ ನಾಳ ಬಿರುಸಾಗಿ ರಕ್ತದ ವೇಗ ಹೆಚ್ಚೇ ತೋರುತ್ತದೆ; ಹೋಲಿಸಲು ಮೊದಲ ಅಳತೆ ಕೈಯಲ್ಲಿಲ್ಲದಿದ್ದರೆ, ಮುಂದೆ ಮತ್ತೆ ಇಕ್ಕಟ್ಟಾಗಿದೆಯೆಂದು ಸುಮ್ಮನೆ ಹೆದರಬೇಕಾಗುತ್ತದೆ.