ಕಾರಿನ ಪರದೆಯಲ್ಲಿ ಕವರ್ ಚಿತ್ರ ಬರಿಸಿದ್ದು ಹೀಗೆ

ಅಪ್ಪನ ಹಳೇ ಕ್ಯಾಸೆಟ್‌ಗಳಲ್ಲಿದ್ದ ತತ್ವಪದ, ಬಯಲಾಟದ ಹಾಡನ್ನೆಲ್ಲ ಎಂಪಿ3 ಮಾಡಿ, ಕ್ಯಾಸೆಟ್ ಕವರಿನ ಫೋಟೋನೂ ತೆಗೆದು ಪೆನ್‌ಡ್ರೈವ್‌ಗೆ ಹಾಕಿದ್ದೆ. ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟರೆ ಕಾರಿನ ಪರದೆಯಲ್ಲಿ ಚಿತ್ರವೇ ಇಲ್ಲ!

ನೋಡಿದರೆ ಚಿತ್ರ ಫೋಲ್ಡರ್‌ನಲ್ಲಿ ಬೇರೆ ಫೈಲಾಗಿ ಕೂತಿತ್ತು, ಹಾಡಿನೊಳಗೆ ಇರಲಿಲ್ಲ. ಜೊತೆಗೆ ಟ್ಯಾಗ್ (ಹಾಡಿನ ಹೆಸರು, ಕಲಾವಿದರು, ಚಿತ್ರ ಇವನ್ನೆಲ್ಲ ಎಂಪಿ3 ಫೈಲಿನೊಳಗೇ ಇಡೋ ಮಾಹಿತಿ) ಐಡಿ3 ಅನ್ನೋ ಮಾದರಿಯ 2.4 ಆವೃತ್ತಿಯದು, ಹಳೇ ಪ್ಲೇಯರ್ ಎಷ್ಟೋ ಅದನ್ನು ಓದೋದಿಲ್ಲ.

ಎಂಪಿ3ಟ್ಯಾಗ್ ಅನ್ನೋ ಉಚಿತ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಐಡಿ3 2.3 ಆವೃತ್ತಿ, ಯುಟಿಎಫ್-16 (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡೋ ಒಂದು ವಿಧಾನ) ಆರಿಸಿದೆ. 2.3ರಲ್ಲಿ ಕನ್ನಡ ಅಕ್ಷರ ಉಳಿಯಬೇಕಂದ್ರೆ ಯುಟಿಎಫ್-16 ಬೇಕೇ ಬೇಕು. ಚಿತ್ರವನ್ನು 500x500 ಪಿಕ್ಸೆಲ್‌ಗೆ ಇಳಿಸಿ, ಪ್ರೋಗ್ರೆಸಿವ್ (ಮೊದಲು ಮಸುಕಾಗಿ ಬಂದು ಹಂತ ಹಂತವಾಗಿ ಸ್ಪಷ್ಟವಾಗೋ ಬಗೆ) ಅಲ್ಲದ ಸಾದಾ ಜೆಪೆಗ್ ಮಾಡಿ, ಆಲ್ಬಮ್‌ನ ಹಾಡುಗಳನ್ನೆಲ್ಲ ಒಟ್ಟಿಗೆ ಆಯ್ದು ಒಳಗೇ ಸೇರಿಸಿದೆ. ಆಲ್ಬಮ್ ಆರ್ಟಿಸ್ಟ್ ಜಾಗದಲ್ಲಿ ಎಲ್ಲಕ್ಕೂ ಒಂದೇ ಹೆಸರು ಕೊಡಿ, ಇಲ್ಲಾಂದ್ರೆ ಒಂದೇ ಕ್ಯಾಸೆಟ್ ಫೋನಿನಲ್ಲಿ ಹತ್ತು ಆಲ್ಬಮ್ ಆಗಿ ಚೂರಾಗಬಹುದು.

ಈಗ ಚಿತ್ರ ಬರ್ತಿದೆ. ಪ್ಲೇಯರ್‌ನಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರೆ ಮಾತ್ರ ಹೆಸರು ಡಬ್ಬಿ ಡಬ್ಬಿಯಾಗೇ ಕಾಣುತ್ತೆ, ಅದಕ್ಕೆ ಟ್ಯಾಗ್‌ನಲ್ಲಿ ಮದ್ದಿಲ್ಲ.